ಕೊಕ್ಕರ್ಣೆ ಬಳಿಯ ಒಂದು ಬ್ರಾಯ್ಲರ್ ಶೆಡ್: ಏಳು ಡಬ್ಬಿಗಳು ಮತ್ತು ಚೀಲದ ಒಂದು ಚೀಟಿ

ಉಡುಪಿ ಜಿಲ್ಲೆಯ ಬ್ರಹ್ಮಾವರ ತಾಲೂಕಿನ ಕೊಕ್ಕರ್ಣೆ ಆಸುಪಾಸಿನಲ್ಲಿರುವ ಒಂದು ಕೋಳಿ ಫಾರಂನಲ್ಲಿ ಕಳೆದ ಮಳೆಗಾಲದಲ್ಲಿ ಕಂಡ ಪ್ರಕರಣವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಕೋಳಿಯ ಕರುಳಿನ ಆರೋಗ್ಯಕ್ಕೆಂದು ಮಾರಾಟವಾಗುವ ಆಹಾರ ಪೂರಕಗಳಲ್ಲಿ ಯಾವುದು ಒಳ್ಳೆಯದು ಎಂಬ ಪ್ರಶ್ನೆ ಪಶುವೈದ್ಯನಾದ ನನಗೆ ವಾರಕ್ಕೆರಡು ಬಾರಿಯಾದರೂ ಎದುರಾಗುತ್ತದೆ. ಈ ಫಾರಂನಲ್ಲಿ ಆ ಪ್ರಶ್ನೆಗೆ ಮುಂಚೆ ಕೇಳಬೇಕಾಗಿದ್ದ ಪ್ರಶ್ನೆಗಳು ಎರಡು: ಚೀಲದೊಳಗೆ ಈಗಾಗಲೇ ಏನಿದೆ, ಕೋಳಿಯ ಹೊಟ್ಟೆಯೊಳಗೆ ಏನಾಗುತ್ತಿದೆ. ಎರಡನ್ನೂ ಕೇಳಲು ತಡವಾಯಿತು, ಮತ್ತು ಆ ತಡದಲ್ಲಿ ನನ್ನ ಪಾಲೂ ಇದೆ.

ಫಾರಂ ದಂಪತಿಯದು. ಯಾವ ಕಂಪನಿಯ ಒಪ್ಪಂದವೂ ಇಲ್ಲದೆ ಸ್ವಂತ ಬಂಡವಾಳದಲ್ಲಿ ಮರಿ ಮತ್ತು ಫೀಡ್ ಕೊಂಡು ಸಾಕುವವರು. ಶೆಡ್ ಒಂದೇ, ಪೂರ್ವ ಪಶ್ಚಿಮವಾಗಿ ಉದ್ದ, ಎರಡೂ ಬದಿ ಜಾಲರಿ, ಮಳೆಗೆ ಪ್ಲಾಸ್ಟಿಕ್ ಪರದೆ. ಒಂದು ಬ್ಯಾಚಿಗೆ 3000 ಮರಿ. ಜನವರಿಯ ಬ್ಯಾಚು 40ನೆಯ ದಿನಕ್ಕೆ ಸರಾಸರಿ 2,260 ಗ್ರಾಂ ತೂಗಿತ್ತು, ಒಂದು ಕಿಲೋ ತೂಕಕ್ಕೆ 1.68 ಕಿಲೋ ಫೀಡ್ ತಿಂದಿತ್ತು, ಸತ್ತದ್ದು 112. ಜೂನ್ ಕೊನೆಯ ವಾರ ಬಂದ ಮರಿಗಳೂ ಮೊದಲ ವಾರ ಚೆನ್ನಾಗಿಯೇ ಇದ್ದವು. ಏಳನೆಯ ದಿನ ಮರಿಯ ತೂಕ ಬಂದ ದಿನದ ತೂಕದ ನಾಲ್ಕು ಪಟ್ಟು ದಾಟಿದ್ದರೆ ಬ್ರೂಡಿಂಗ್ (ಮರಿಗಳನ್ನು ಮೊದಲ ದಿನಗಳಲ್ಲಿ ಶಾಖ ಕೊಟ್ಟು ಸಾಕುವುದು) ಸರಿಯಾಗಿದೆ ಎಂದು ತಿಳಿಯುವುದು ವಾಡಿಕೆ, ಇಲ್ಲಿ ಅದು ದಾಟಿತ್ತು. 19ನೆಯ ದಿನ ಯಜಮಾನರು ದೂರವಾಣಿಯಲ್ಲಿ, ಹಿಕ್ಕೆ ತೆಳ್ಳಗಾಗಿದೆ, ಅದರಲ್ಲಿ ಜೋಳದ ಚೂರುಗಳು ಹಾಗೆಯೇ ಕಾಣುತ್ತಿವೆ ಎಂದರು. ನಾನು ಆಗ ಕಾರ್ಕಳದ ಕಡೆ ಹಸುವೊಂದರ ಹೆರಿಗೆಯಲ್ಲಿದ್ದೆ. ಪ್ರೋಬಯಾಟಿಕ್ (ಕರುಳಿಗೆ ಒಳ್ಳೆಯ ಬ್ಯಾಕ್ಟೀರಿಯಾಗಳ ಪುಡಿ) ಕೊಡಿ, ಎರಡು ದಿನ ನೋಡೋಣ ಎಂದೆ. ಕೋಳಿಯನ್ನು ಕಾಣದೆ ಹೇಳಿದ ಮಾತು ಅದು.

23ನೆಯ ದಿನ ಹೋದಾಗ ಶೆಡ್ಡಿನ ಬಾಗಿಲಲ್ಲಿಯೇ ಕಣ್ಣು ಉರಿಯತೊಡಗಿತು. ಮಳೆಯ ಎರಚಲಿಗೆ ಹೆದರಿ ಎರಡೂ ಬದಿಯ ಪರದೆಯನ್ನು ಪೂರ್ತಿ ಇಳಿಸಿದ್ದರಿಂದ ಅಮೋನಿಯಾ ಒಳಗೇ ನಿಂತಿತ್ತು. ಕಣ್ಣಿಗೆ ಉರಿ ತಾಗುವಷ್ಟಿದೆ ಎಂದರೆ ಅದು ಸಾಮಾನ್ಯವಾಗಿ 25 ಪಿಪಿಎಂ (ಹತ್ತು ಲಕ್ಷದಲ್ಲಿ 25 ಭಾಗ) ಮಿತಿಯ ಹತ್ತಿರಕ್ಕೋ ಆಚೆಗೋ ಹೋಗಿದೆ ಎಂದು ಲೆಕ್ಕ. ನೀರಿನ ಬಟ್ಟಲುಗಳ ಸುತ್ತ ನೆಲಕ್ಕೆ ಹರಡಿದ ಉಮಿಯ ಹಾಸು ರೊಟ್ಟಿಯಂತೆ ಗಟ್ಟಿಕಟ್ಟಿತ್ತು. ಬೇರೆಡೆಯ ಉಮಿಯನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟರೆ ಉದುರಬೇಕು; ಇಲ್ಲಿ ಅದು ಉಂಡೆಯಾಗಿಯೇ ಅಂಗೈಯಲ್ಲಿ ಕುಳಿತಿತು. ಐವತ್ತು ಕೋಳಿ ತೂಗಿದೆವು: ಸರಾಸರಿ 790 ಗ್ರಾಂ, ಅತಿ ಸಣ್ಣದು 480, ಅತಿ ದೊಡ್ಡದು 1,080. ಜನವರಿಯಲ್ಲಿ ಇದೇ ದಿನದ ಸರಾಸರಿ 1,050 ಇತ್ತೆಂದು ಅವರ ನೋಟ್‌ಬುಕ್ ಹೇಳಿತು. ಸಾವು ಅಬ್ಬರದ್ದಲ್ಲ, ದಿನಕ್ಕೆ ನಾಲ್ಕೋ ಐದೋ, ಒಟ್ಟು 96.

ಕಿಟಕಿಯ ಹಲಗೆಯ ಮೇಲೆ ಏಳು ಡಬ್ಬಿಗಳು ಸಾಲಾಗಿದ್ದವು: ಲಿವರ್ ಟಾನಿಕ್, ಬಿ ಕಾಂಪ್ಲೆಕ್ಸ್, ಪ್ರೋಬಯಾಟಿಕ್ ಪುಡಿ, ನೀರನ್ನು ಆಮ್ಲೀಯವಾಗಿಸುವ ಆಸಿಡಿಫೈಯರ್, ಫೀಡಿನ ವಿಷ ಹಿಡಿಯುವ ಟಾಕ್ಸಿನ್ ಬೈಂಡರ್, ಕಿಣ್ವಗಳ ಮಿಶ್ರಣ, ಕೊನೆಗೆ ಎನ್ರೋಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್. ಬಿಲ್ಲುಗಳನ್ನು ಮನೆಯಾಕೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ಕೂಡಿಸಿದರೆ 11,400 ರೂಪಾಯಿ, ಅಂದರೆ ಕೋಳಿಯೊಂದಕ್ಕೆ 3 ರೂಪಾಯಿ 80 ಪೈಸೆ. ಯಜಮಾನರು ಹೇಳಿದ್ದು ಇಷ್ಟೇ: "ಅಂಗಡಿಯಲ್ಲಿ ಇದ್ದದ್ದೆಲ್ಲ ತಂದು ಹಾಕಿದ್ದೇವೆ ಡಾಕ್ಟ್ರೇ, ಕೋಳಿ ಮಾತ್ರ ಮೇಲೆ ಬರುವುದಿಲ್ಲ ಮಾರಾಯ್ರೆ."

ಶವಪರೀಕ್ಷೆ

ಅಂದು ಬೆಳಗ್ಗೆ ಸತ್ತಿದ್ದ ಎರಡು, ಮಂಕಾಗಿ ನಿಂತಿದ್ದ ಎರಡು, ನೋಡಲು ಆರೋಗ್ಯವಾಗಿದ್ದ ಒಂದು, ಹೀಗೆ ಐದು ಕೋಳಿಗಳನ್ನು ಆರಿಸಿಕೊಂಡೆ. ಚೆನ್ನಾಗಿರುವ ಕೋಳಿಯನ್ನು ಕೊಯ್ಯಲು ಸಾಕುವವರಿಗೆ ಮನಸ್ಸು ಬರುವುದಿಲ್ಲ. ಆದರೆ ಶೆಡ್ಡಿನಲ್ಲಿ ಉಳಿದ 2900ರ ಹೊಟ್ಟೆಯೊಳಗಿನ ಸ್ಥಿತಿಯನ್ನು ಹೇಳುವುದು ಸತ್ತ ಕೋಳಿಗಿಂತ ಹೆಚ್ಚಾಗಿ ಅದೇ.

ಕಾಳು ಅರೆಯುವ ಹೊಟ್ಟೆಯಾದ ಗಿಜರ್ಡಿನಿಂದ ಕೆಳಗಿನ ಮೊದಲ ಸುತ್ತಿನ ಕರುಳಿನಲ್ಲಿ, ಹೊರಗಿನಿಂದಲೇ ಕಾಣುವಂತೆ, ಅಡ್ಡಡ್ಡ ಬಿಳಿ ಗೀರುಗಳಿದ್ದವು. ನಡುಗರುಳು ಗಾಳಿ ತುಂಬಿದಂತೆ ಉಬ್ಬಿ, ಗೋಡೆ ತೆಳುವಾಗಿ, ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು ಎದ್ದಿದ್ದವು. ಸೀಳಿದಾಗ ಕಿತ್ತಳೆ ಬಣ್ಣದ ಲೋಳೆ ಕತ್ತರಿಗೆ ಅಂಟಿಕೊಂಡು ಬಂತು. ಸತ್ತಿದ್ದ ಎರಡರಲ್ಲಿಯೂ ಕರುಳಿನ ಒಳಮೈ ಹಳೆಯ ಟವೆಲಿನಂತೆ ಒರಟಾಗಿ, ಕಂದು ಪೊರೆ ಕಟ್ಟಿ, ಕೆಟ್ಟ ನಾತ ಬರುತ್ತಿತ್ತು. ಕರುಳಿನ ಕೊನೆಯ ಎರಡು ಕುರುಡು ಚೀಲಗಳು ಮಾತ್ರ ಐದರಲ್ಲಿಯೂ ಸರಿಯಾಗಿದ್ದವು. ಲೋಳೆಯನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕರುಳಿನ ಪರೋಪಜೀವಿಯಾದ ಕಾಕ್ಸಿಡಿಯಾದ ಅಂಡಕೋಶಗಳು, ಅಂದರೆ ಮೊಟ್ಟೆಯಂಥ ಕೋಶಗಳು, ಧಾರಾಳವಾಗಿದ್ದವು. ಸಣ್ಣವು ಹೆಚ್ಚು, ನಡುವೆ ದೊಡ್ಡ ಹಳದಿ ಛಾಯೆಯವು. ಬಿಳಿ ಗೀರು ಕಾಕ್ಸಿಡಿಯಾದ ಪ್ರಭೇದವಾದ ಐಮೀರಿಯಾ ಅಸರ್ವುಲಿನಾದ ಗುರುತು, ಕಿತ್ತಳೆ ಲೋಳೆ ಮತ್ತು ದೊಡ್ಡ ಅಂಡಕೋಶ ಐಮೀರಿಯಾ ಮ್ಯಾಕ್ಸಿಮಾದ್ದು. ಒರಟು ಟವೆಲಿನಂಥ ಒಳಮೈ ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ಕರುಳುಕೊಳೆತವನ್ನು, ನಾವು ನೆಕ್ರೋಟಿಕ್ ಎಂಟರೈಟಿಸ್ ಎನ್ನುವ ರೋಗವನ್ನು, ಸೂಚಿಸುತ್ತಿತ್ತು.

ಯಜಮಾನರು ಒಪ್ಪಲಿಲ್ಲ. "ಕಾಕ್ಸಿ ಆದರೆ ರಕ್ತ ಹೋಗಬೇಕಲ್ಲ ಡಾಕ್ಟ್ರೇ, ಇಲ್ಲಿ ಒಂದು ಹನಿ ರಕ್ತ ಇಲ್ಲ. ಮತ್ತೆ ಇದು ಹೇಗೆ ಆಗುವುದು?" ಈ ಪ್ರಶ್ನೆಯಲ್ಲಿಯೇ ನಮ್ಮ ಕಡೆಯ ಬಹುತೇಕ ಫಾರಂಗಳ ಅನುಭವ ಅಡಗಿದೆ. ಎಲ್ಲರೂ ಕಂಡಿರುವುದು ಕುರುಡು ಚೀಲಗಳಲ್ಲಿ ರಕ್ತ ತುಂಬಿಸುವ ಐಮೀರಿಯಾ ಟೆನೆಲ್ಲಾವನ್ನು. ಕೋಳಿಯನ್ನು ಬಾಧಿಸುವ ಐಮೀರಿಯಾದಲ್ಲಿ ಏಳು ಪ್ರಭೇದಗಳಿದ್ದು, ಅಸರ್ವುಲಿನಾ ಮತ್ತು ಮ್ಯಾಕ್ಸಿಮಾ ಹಾಗೆ ರಕ್ತ ಹರಿಸಿ ಎಚ್ಚರಿಸುವುದಿಲ್ಲ. ಆಹಾರವನ್ನು ಹೀರಬೇಕಾದ ಬೆರಳಿನಾಕಾರದ ಸೂಕ್ಷ್ಮ ಚಾಚುಗಳನ್ನು ಅವು ಮೊಟಕು ಮಾಡುತ್ತವೆ. ಕೋಳಿ ತಿನ್ನುತ್ತದೆ, ಅರ್ಧಂಬರ್ಧ ಜೀರ್ಣವಾಗಿ ಹೊರಹೋಗುತ್ತದೆ, ಹಿಕ್ಕೆಯ ನೀರು ಉಮಿಯ ಹಾಸಿನೊಳಗೆ ಸೇರುತ್ತದೆ. ಒದ್ದೆ ಹಾಸು, 25ರಿಂದ 30 ಡಿಗ್ರಿ ಉಷ್ಣ ಮತ್ತು ಗಾಳಿ ಸಿಕ್ಕಿದರೆ ಹಿಕ್ಕೆಯಲ್ಲಿ ಬಿದ್ದ ಅಂಡಕೋಶ ಒಂದೆರಡು ದಿನಗಳಲ್ಲಿ ಸೋಂಕು ತಗಲಿಸುವಷ್ಟು ಬಲಿಯುತ್ತದೆ. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸಿನ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಆಟಿ ತಿಂಗಳ (ಜುಲೈ-ಆಗಸ್ಟ್) ಶೆಡ್ಡು ಅದಕ್ಕೆ ಹೇಳಿ ಮಾಡಿಸಿದ ಜಾಗ.

ಆದರೂ ಮಳೆ ಪ್ರತಿ ವರ್ಷವೂ ಬರುತ್ತದೆ, ಹಿಂದಿನ ಮಳೆಗಾಲದ ಬ್ಯಾಚುಗಳು ಇಷ್ಟು ಕೆಟ್ಟಿರಲಿಲ್ಲ. ಈ ಬಾರಿ ಬದಲಾದದ್ದು ಏನು?

ಚೀಟಿ ಮತ್ತು ಮೀನಿನ ಹುಡಿ

ಉತ್ತರ ಫೀಡ್ ಇಟ್ಟಿದ್ದ ಕೊಟ್ಟಿಗೆಯಲ್ಲಿತ್ತು. ಅಲ್ಲಿ ಎರಡು ಬಗೆಯ ಚೀಲಗಳಿದ್ದವು. ಇವರಿಗೆ ಮಾಮೂಲಾಗಿ ಫೀಡ್ ಬರುವುದು ಘಟ್ಟದ ಮೇಲಿನ ಗಿರಣಿಯಿಂದ. ಆಗುಂಬೆ ಘಾಟಿಯಲ್ಲಿ ಮಳೆಗಾಲಕ್ಕೆ ಭಾರಿ ವಾಹನಗಳನ್ನು ತಡೆಯುವುದು ಹೊಸತಲ್ಲ. ಲಾರಿ ಸುತ್ತುಬಳಸಿ ಬರುವುದು ತಡವಾದಾಗ 14ನೆಯ ದಿನದಿಂದ ಹತ್ತು ದಿನದ ಮಟ್ಟಿಗೆ ಇಲ್ಲಿಯದೇ ಒಂದು ಸಣ್ಣ ಗಿರಣಿಯಿಂದ ತಂದಿದ್ದರು. ಹಳೆಯ ಚೀಲದ ಹೊಲಿಗೆಗೆ ಸಿಕ್ಕಿಸಿದ್ದ ಚೀಟಿಯಲ್ಲಿ ಸ್ಯಾಲಿನೋಮೈಸಿನ್ 60 ಪಿಪಿಎಂ ಎಂದು ಮುದ್ರಿತವಾಗಿತ್ತು. ಹೊಸ ಚೀಲದ ಚೀಟಿಯಲ್ಲಿ ಪ್ರೋಟೀನ್, ಕೊಬ್ಬು, ನಾರು ಇದ್ದವು, ಕಾಕ್ಸಿಡಿಯಾ ತಡೆಯುವ ಯಾವ ವಸ್ತುವಿನ ಹೆಸರೂ ಇರಲಿಲ್ಲ. ಗಿರಣಿಗೆ ಕರೆ ಮಾಡಿದರೆ, ಅದು ಊರಿನ ಕೋಳಿ ಸಾಕುವವರು ಕೇಳುತ್ತಾರೆಂದು ಔಷಧಿ ಬೆರೆಸದೆ ಮಾಡುವ ಫೀಡ್, ಕೇಳಿದ್ದರೆ ಬೇರೆಯದನ್ನು ಕೊಡುತ್ತಿದ್ದೆವು ಎಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ಔಷಧಿ ಇಲ್ಲದ್ದು ಎಂದಾಗ ಯಜಮಾನರಿಗೂ ಸಂತೋಷವೇ ಆಗಿತ್ತು.

ಸ್ಯಾಲಿನೋಮೈಸಿನ್, ಮೊನೆನ್ಸಿನ್, ಮದುರಾಮೈಸಿನ್ ಮೊದಲಾದ ಅಯನೋಫೋರ್‌ಗಳು ಕಾಕ್ಸಿಡಿಯಾವನ್ನು ಹತ್ತಿಕ್ಕುವುದಲ್ಲದೆ ಕ್ಲಾಸ್ಟ್ರಿಡಿಯಂ ಕುಲದ ಬ್ಯಾಕ್ಟೀರಿಯಾಗಳ ಮೇಲೆಯೂ ಸ್ವಲ್ಪ ಹಿಡಿತ ಇಡುತ್ತವೆ. ಆ ಹಿಡಿತ 14ನೆಯ ದಿನ ತಪ್ಪಿತು. ಅಂಡಕೋಶ ಹೊಟ್ಟೆಗೆ ಸೇರಿ ಮತ್ತೆ ಹಿಕ್ಕೆಯಲ್ಲಿ ಕಾಣಿಸಿಕೊಳ್ಳಲು ನಾಲ್ಕರಿಂದ ಆರು ದಿನ ಬೇಕು. 19ನೆಯ ದಿನದ ತೆಳ್ಳಗಿನ ಹಿಕ್ಕೆಗೆ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ.

ಇನ್ನೊಂದು ಸಂಗತಿ ಮನೆಯಾಕೆಯ ಬಾಯಿಂದ ಆಕಸ್ಮಿಕವಾಗಿ ಬಂತು. ಮರಿಗಳು ಸೊರಗುತ್ತಿವೆ ಎಂದು ಕನಿಕರಿಸಿ ಆಕೆ ಮಲ್ಪೆಯಿಂದ ತರಿಸಿದ್ದ ಒಣಮೀನಿನ ಹುಡಿಯನ್ನು 16ನೆಯ ದಿನದಿಂದ ಫೀಡಿನ ಮೇಲೆ ಉದುರಿಸುತ್ತಿದ್ದರು. ಕರಾವಳಿಯಲ್ಲಿ ಇದು ತೀರ ಸಹಜ, ಹಿತ್ತಿಲ ಕೋಳಿಗೆ ಮೀನಿನ ತಲೆ ಹಾಕಿ ಬೆಳೆಸಿದ ಮನೆಗಳೇ ಎಲ್ಲ. ಆದರೆ ಕ್ಲಾಸ್ಟ್ರಿಡಿಯಂ ತನಗೆ ಬೇಕಾದ ಹಲವು ಅಮೈನೋ ಆಮ್ಲಗಳನ್ನು ತಾನೇ ತಯಾರಿಸಿಕೊಳ್ಳಲಾರದ ಜೀವಿ. ಜೀರ್ಣವಾಗದೆ ಕೆಳಗಿಳಿದ ಪ್ರೋಟೀನ್ ಅದಕ್ಕೆ ಔತಣ. ಪ್ರಯೋಗಾಲಯಗಳಲ್ಲಿ ಈ ರೋಗವನ್ನು ಬೇಕೆಂದೇ ತರಿಸುವಾಗ ಕೋಳಿಗಳಿಗೆ ಮೀನಿನ ಹುಡಿ ಹೆಚ್ಚಾಗಿ ತಿನ್ನಿಸಿ, ಕಾಕ್ಸಿಡಿಯಾ ಕೊಟ್ಟು, ಆಮೇಲೆ ಬ್ಯಾಕ್ಟೀರಿಯಾ ಕೊಡುವುದು ರೂಢಿಯ ವಿಧಾನ. ಕೊಕ್ಕರ್ಣೆಯ ಶೆಡ್ಡಿನಲ್ಲಿ ಆ ವಿಧಾನ ಯಾರ ಉದ್ದೇಶವೂ ಇಲ್ಲದೆ ಹೆಜ್ಜೆ ಹೆಜ್ಜೆಯಾಗಿ ನಡೆದುಹೋಗಿತ್ತು. ಇದನ್ನು ವಿವರಿಸಿದಾಗ ಆಕೆ ತಲೆ ತಗ್ಗಿಸಿದರು. ದೂರವಾಣಿಯಲ್ಲಿ ಔಷಧ ಹೇಳಿದ ನನಗಿಂತ ಅವರದು ದೊಡ್ಡ ತಪ್ಪಲ್ಲ ಎಂದೆ.

ಏಳು ಡಬ್ಬಿಗಳು ಏಕೆ ಕೆಲಸ ಮಾಡಲಿಲ್ಲ ಎಂಬುದನ್ನೂ ನೋಡಬೇಕು. ಪ್ರೋಬಯಾಟಿಕ್ ಪುಡಿ ಲ್ಯಾಕ್ಟೊಬ್ಯಾಸಿಲಸ್ ಜಾತಿಯದು. ಮಳೆಗೆ ಬಾವಿ ನೀರು ಕೆಂಪಾದ್ದರಿಂದ ತೊಟ್ಟಿಗೆ ದಿನವೂ ಬೆಳಗ್ಗೆ ಬ್ಲೀಚಿಂಗ್ ಪುಡಿ ಹಾಕುತ್ತಿದ್ದರು, ಅದೇ ತೊಟ್ಟಿಗೆ ಅರ್ಧ ಗಂಟೆ ಬಿಟ್ಟು ಪ್ರೋಬಯಾಟಿಕ್. ಕ್ಲೋರಿನ್ನಿಗೆ ಒಳ್ಳೆಯ ಬ್ಯಾಕ್ಟೀರಿಯಾ ಕೆಟ್ಟ ಬ್ಯಾಕ್ಟೀರಿಯಾ ಎಂಬ ಭೇದವಿಲ್ಲ. ಅಲ್ಲಿ ಉಳಿದವನ್ನು ಸಂಜೆಯ ಎನ್ರೋಫ್ಲಾಕ್ಸಾಸಿನ್ ನೋಡಿಕೊಳ್ಳುತ್ತಿತ್ತು. ಆ ಔಷಧವಾದರೋ ಆಮ್ಲಜನಕವಿಲ್ಲದೆಡೆ ಬೆಳೆಯುವ ಕ್ಲಾಸ್ಟ್ರಿಡಿಯಂ ಮೇಲೆ ದುರ್ಬಲ. ಆಸಿಡಿಫೈಯರ್ ವಿಷಯ ಇನ್ನೂ ಸ್ವಾರಸ್ಯದ್ದು. ಮುರಕಲ್ಲಿನ ನೆಲದ ಬಾವಿ ನೀರು ಸಹಜವಾಗಿಯೇ ತುಸು ಆಮ್ಲೀಯ. ಬಣ್ಣ ಬದಲಾಯಿಸುವ ಕಾಗದ ಅದ್ದಿದಾಗ ಇಲ್ಲಿ ಪಿಎಚ್ 6 ತೋರಿಸಿತು. ಕ್ಲೋರಿನ್ ಚೆನ್ನಾಗಿ ಕೆಲಸ ಮಾಡುವುದೂ 7ಕ್ಕಿಂತ ಕೆಳಗಿನ ಪಿಎಚ್‌ನಲ್ಲಿಯೇ, ಆದ್ದರಿಂದ ಬಯಲುಸೀಮೆಯ ಗಡಸು ನೀರಿಗೆ ಬೇಕಾಗುವಷ್ಟು ಆಮ್ಲ ನಮಗೆ ಬೇಡ. ಅಳತೆ ತಪ್ಪಿ ಸುರಿದರೆ ನೀರು ಹುಳಿಯಾಗಿ ಕೋಳಿ ಕುಡಿಯುವುದನ್ನೇ ಕಡಿಮೆ ಮಾಡುತ್ತದೆ. ಇವರು ಒಂದು ದಿನ ಆಸಿಡಿಫೈಯರ್ ಮತ್ತು ಬ್ಲೀಚಿಂಗ್ ಪುಡಿ ಎರಡನ್ನೂ ಒಂದೇ ಬಕೆಟಿನಲ್ಲಿ ಗೊಟಾಯಿಸಿ ಕೆಮ್ಮಿ ಹೊರಗೋಡಿದ್ದರಂತೆ. ಬ್ಲೀಚಿಂಗ್ ಪುಡಿಗೆ ಗಟ್ಟಿ ಆಮ್ಲ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಕೋಣೆಯಾಗಿದ್ದರೆ ಜೀವಕ್ಕೇ ಅಪಾಯವಿತ್ತು.

ಟಾಕ್ಸಿನ್ ಬೈಂಡರ್ ಮತ್ತು ಕಿಣ್ವಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬೆಂಟೊನೈಟ್‌ನಂಥ ಜೇಡಿ ಬೂಸ್ಟಿನ ಅಫ್ಲಾಟಾಕ್ಸಿನ್ನನ್ನು ಹಿಡಿಯುತ್ತದೆ, ಉಳಿದ ಹಲವು ವಿಷಗಳನ್ನು ಅಷ್ಟಾಗಿ ಹಿಡಿಯದು. ಇಲ್ಲಿ ಅದಕ್ಕಿಂತ ಮೊದಲು ಗೋಡೆಗೆ ತಾಗಿಸಿ ಬರಿ ನೆಲದ ಮೇಲೆ ಒಟ್ಟಿದ್ದ ಚೀಲಗಳನ್ನು ಹಲಗೆಯ ಮೇಲೆ ಏರಿಸಬೇಕಾಗಿತ್ತು. ಜೋಳ ಮತ್ತು ಸೋಯಾ ಆಧಾರಿತ ಫೀಡಿಗೆ ಬೇಕಾದ ಫೈಟೇಸ್ ಕಿಣ್ವವನ್ನು ಘಟ್ಟದ ಮೇಲಿನ ಗಿರಣಿಯವರೇ ಸೇರಿಸಿರುವುದಾಗಿ ಚೀಟಿ ಹೇಳುತ್ತಿತ್ತು.

ಚಿಕಿತ್ಸೆ

ಕಾಕ್ಸಿಡಿಯಾಕ್ಕೆ ಟಾಲ್ಟ್ರಾಜುರಿಲ್ ಆರಿಸಿದೆ. ಒಂದು ಕಿಲೋ ದೇಹತೂಕಕ್ಕೆ ದಿನಕ್ಕೆ 7 ಮಿಲಿಗ್ರಾಂ, ಎರಡು ದಿನ. 2904 ಕೋಳಿ, 790 ಗ್ರಾಂ ಸರಾಸರಿ ಎಂದರೆ ಸುಮಾರು 2,290 ಕಿಲೋ, ಶೇಕಡ 2.5ರ ದ್ರಾವಣ ದಿನಕ್ಕೆ ಸುಮಾರು 640 ಮಿಲಿಲೀಟರ್. ಅಂಗಡಿಯವರು ಮರಿಯ ಸಂಖ್ಯೆ ಕೇಳಿ ಬಾಟಲಿ ಕೊಡುತ್ತಾರೆ, ತೂಕ ಕೇಳುವುದಿಲ್ಲ. ತೂಕದ ಲೆಕ್ಕವನ್ನು ಅವರ ನೋಟ್‌ಬುಕ್ಕಿನಲ್ಲಿಯೇ ಬರೆದು ತೋರಿಸಿದೆ. ಹಿಂದೆ ಒಮ್ಮೆ ಇವರು ಆಂಪ್ರೋಲಿಯಂ ಕೊಟ್ಟು ಫಲ ಕಾಣಲಿಲ್ಲವೆಂದಿದ್ದರು. ಅದು ಕಾಕ್ಸಿಡಿಯಾಕ್ಕೆ ಥಯಮಿನ್ (ಬಿ1 ವಿಟಮಿನ್) ಸಿಗದಂತೆ ತಡೆದು ಕೆಲಸ ಮಾಡುವ ಔಷಧ. ಜೊತೆಗೆ ಶಕ್ತಿಗೆಂದು ಬಿ ಕಾಂಪ್ಲೆಕ್ಸ್ ಕೊಟ್ಟರೆ ಒಂದು ಕೈಯಲ್ಲಿ ಕಿತ್ತುಕೊಂಡದ್ದನ್ನು ಇನ್ನೊಂದು ಕೈಯಲ್ಲಿ ಬಡಿಸಿದಂತೆ.

ಕರುಳುಕೊಳೆತಕ್ಕೆ ಅಮಾಕ್ಸಿಸಿಲಿನ್ ಐದು ದಿನ ಬರೆದೆ. ಬೆಳವಣಿಗೆಗಾಗಿ ಆಂಟಿಬಯಾಟಿಕ್ ಉಣಿಸುವುದನ್ನು ನಾನು ಒಪ್ಪುವುದಿಲ್ಲ. ಯುರೋಪ್ ಒಕ್ಕೂಟ ಅದನ್ನು 2006ರ ಜನವರಿ 1ರಿಂದಲೇ ನಿಲ್ಲಿಸಿದೆ. ಆದರೆ ಕಣ್ಣೆದುರು ಕರುಳು ಕೊಳೆತು ಸಾಯುತ್ತಿರುವ ಹಿಂಡಿಗೆ ಚಿಕಿತ್ಸೆ ನಿರಾಕರಿಸುವುದು ಬೇರೆಯೇ ಮಾತು. ಕಪಾಟಿನ ಮೂಲೆಯಲ್ಲಿ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್‌ನ ಹಳೆಯ ಡಬ್ಬಿಯೊಂದಿತ್ತು. ಆಹಾರಕ್ಕೆ ಬಳಸುವ ಪ್ರಾಣಿಗಳಿಗೆ ಅದರ ತಯಾರಿಕೆ ಮತ್ತು ಮಾರಾಟವನ್ನು ಕೇಂದ್ರ ಸರಕಾರ 2019ರ ಜುಲೈಯಲ್ಲಿಯೇ ನಿಷೇಧಿಸಿದೆ ಎಂದು ತಿಳಿಸಿ ಆ ಡಬ್ಬಿಯನ್ನು ನಾನೇ ಒಯ್ದೆ. ಔಷಧಗಳ ಲೇಬಲ್ಲಿನಲ್ಲಿರುವ ತಡೆ ಅವಧಿ (ಔಷಧ ನಿಲ್ಲಿಸಿದ ಮೇಲೆ ಮಾಂಸಕ್ಕೆ ಮಾರದೆ ಕಾಯಬೇಕಾದ ದಿನಗಳು) ಮುಗಿಯದೆ ಮಾರುವಂತಿರಲಿಲ್ಲವಾದ್ದರಿಂದ 40ರ ಬದಲು 43ನೆಯ ದಿನಕ್ಕೆ ಮಾರಾಟ ಎಂದು ನಿಗದಿಯಾಯಿತು.

ಗಟ್ಟಿಕಟ್ಟಿದ ಹಾಸನ್ನು ಹಾರೆಯಿಂದ ಎಬ್ಬಿಸಿ ಹೊರಹಾಕಿ ಒಣ ಉಮಿ ಸುರಿದರು, ಬೆಳಗ್ಗೆ ಸಂಜೆ ಕೆದಕಿದರು. ನೀರಿನ ಬಟ್ಟಲಿನ ಅಂಚನ್ನು ಕೋಳಿಯ ಬೆನ್ನಿನ ಮಟ್ಟಕ್ಕೆ ಏರಿಸಿದ್ದರಿಂದ ಚೆಲ್ಲುವುದು ತಗ್ಗಿತು. ಪರದೆಯ ಮೇಲಿನ ಒಂದು ಅಡಿಯನ್ನು ಮಳೆಯಿದ್ದರೂ ತೆರೆದಿಡಬೇಕೆಂಬುದನ್ನು ಒಪ್ಪಿಸಲು ಮಾತ್ರ ಬಹಳ ಹೊತ್ತು ಹಿಡಿಯಿತು.

27ನೆಯ ದಿನಕ್ಕೆ ಸಾವು ದಿನಕ್ಕೆ ಒಂದಕ್ಕೆ ಇಳಿಯಿತಾದರೂ ಹಿಂದೆ ಬಿದ್ದ ಕೋಳಿ ಹಿಂದೆಯೇ ಉಳಿಯಿತು. ಚಾಚುಗಳು ಮತ್ತೆ ಬೆಳೆಯುತ್ತವೆ, ಕಳೆದುಹೋದ ವಾರ ಮರಳುವುದಿಲ್ಲ. 43ನೆಯ ದಿನದ ಸರಾಸರಿ 1,810 ಗ್ರಾಂ, ಕಿಲೋ ತೂಕಕ್ಕೆ ತಿಂದ ಫೀಡ್ 2.02 ಕಿಲೋ.

ಮುಂದಿನ ಬ್ಯಾಚು

ಸೆಪ್ಟೆಂಬರಿನ ಬ್ಯಾಚಿಗೆ ಹೊಸ ಹಾಸು, ಸ್ಯಾಲಿನೋಮೈಸಿನ್ ಇರುವ ಹಳೆಯ ಫೀಡ್, ಮೀನಿನ ಹುಡಿ ಇಲ್ಲ. ಸ್ಯಾಲಿನೋಮೈಸಿನ್ ಇರುವ ಫೀಡ್ ತಿನ್ನುವ ಕೋಳಿಗೆ ಟಿಯಾಮುಲಿನ್ ಎಂಬ ಆಂಟಿಬಯಾಟಿಕ್ ಕೊಡಬಾರದು, ಎರಡೂ ಸೇರಿದರೆ ವಿಷವಾಗುತ್ತದೆ ಎಂದು ಕೊಟ್ಟಿಗೆಯ ಬಾಗಿಲಿಗೆ ಸುಣ್ಣದಲ್ಲಿ ಬರೆಸಿದೆ.

ಆಗ ಯಜಮಾನರೇ ಕೇಳಿದರು: ಹಾಗಾದರೆ ಈ ಪೂರಕಗಳೆಲ್ಲ ಸುಳ್ಳೇ? ಸುಳ್ಳಲ್ಲ, ಅಳೆದು ನೋಡೋಣ ಎಂದು ಶೆಡ್ಡನ್ನು ನಡುವೆ ಜಾಲರಿ ಕಟ್ಟಿ 1500ರ ಎರಡು ಭಾಗ ಮಾಡಿದೆವು. ಪೂರ್ವದ ಭಾಗಕ್ಕೆ ಬ್ಯಾಸಿಲಸ್ ಸಬ್ಟಿಲಿಸ್ ಪ್ರೋಬಯಾಟಿಕ್ ಮತ್ತು ಲೇಪನವಿರುವ ಸೋಡಿಯಂ ಬ್ಯೂಟಿರೇಟ್ ಸೇರಿಸಿದ ಫೀಡ್, ಪಶ್ಚಿಮಕ್ಕೆ ಬರಿಯ ಫೀಡ್. ಗುರುತು ತಪ್ಪದಿರಲೆಂದು ಗಿರಣಿಯವರು ಪೂರಕ ಹಾಕಿದ ಚೀಲಗಳ ಬಾಯನ್ನು ಕೆಂಪು ನೂಲಿನಲ್ಲಿ ಹೊಲಿದು ಕಳಿಸಿದರು.

ಈ ಎರಡನ್ನೇ ಆರಿಸಿದ್ದಕ್ಕೆ ಕಾರಣಗಳಿವೆ. ಬ್ಯಾಸಿಲಸ್ ಬೀಜಾಣು ರೂಪದಲ್ಲಿ ನಿದ್ರಿಸುವ ಜೀವಿಯಾದ್ದರಿಂದ ಫೀಡನ್ನು ಪೆಲೆಟ್ (ಗುಳಿಗೆ) ಮಾಡುವಾಗಿನ 80 ಡಿಗ್ರಿಯ ಬಿಸಿಯನ್ನು ತಾಳಿಕೊಳ್ಳುತ್ತದೆ, ತೊಟ್ಟಿಯ ಕ್ಲೋರಿನ್ನಿನ ಗೊಡವೆಗೆ ಹೋಗದೆ ಫೀಡಿನೊಂದಿಗೆ ಕರುಳು ಸೇರಿ ಅಲ್ಲಿ ಮೊಳೆಯುತ್ತದೆ. ಬ್ಯೂಟಿರೇಟ್ ಕರುಳಿನ ಒಳಪದರದ ಜೀವಕೋಶಗಳಿಗೆ ನೇರ ಆಹಾರ. ಲೇಪನವಿಲ್ಲದಿದ್ದರೆ ಅದು ಮೇಲ್ಭಾಗದಲ್ಲಿಯೇ ಖರ್ಚಾಗಿ ಬೇಕಾದ ಕಡೆ ತಲುಪುವುದಿಲ್ಲ. ಮೂರನೆಯ ಆಯ್ಕೆಯಾಗಿ ಯೀಸ್ಟಿನ ಕೋಶಭಿತ್ತಿಯಿಂದ ತೆಗೆದ ಮ್ಯಾನಾನ್ ಸಕ್ಕರೆಗಳಿದ್ದವು. ಇ. ಕೋಲಿ ಮತ್ತು ಸಾಲ್ಮೊನೆಲ್ಲಾ ತಮ್ಮ ಕೊಕ್ಕೆಯನ್ನು ಕರುಳಿನ ಗೋಡೆಗೆ ಸಿಕ್ಕಿಸುವ ಬದಲು ಈ ಸಕ್ಕರೆಗೆ ಸಿಕ್ಕಿಸಿ ಹೊರಹೋಗುತ್ತವೆ. ಈ ಫಾರಂನ ಶತ್ರು ಅವಲ್ಲವಾದ್ದರಿಂದ ಬಿಟ್ಟೆವು. ಮನೆಯಾಕೆ ಸಾಂಬ್ರಾಣಿ (ದೊಡ್ಡಪತ್ರೆ) ಸೊಪ್ಪಿನ ಕಷಾಯ ಆಗದೇ ಎಂದು ಕೇಳಿದ್ದರು. ಪ್ರಶ್ನೆ ಹುಡುಗಾಟದ್ದಲ್ಲ; ಆ ಸೊಪ್ಪಿನಲ್ಲಿರುವ ಕಾರ್ವಕ್ರಾಲ್, ಓಮದಲ್ಲಿರುವ ಥೈಮಾಲ್ ಇವನ್ನೇ ಬಾಟಲಿಯಲ್ಲಿ ತುಂಬಿ ಸಸ್ಯಜನ್ಯ ಪೂರಕವೆಂದು ಮಾರುತ್ತಾರೆ. ಆದರೆ ಒಂದು ಕೊಡ ಕಷಾಯದಲ್ಲಿ ಅದೆಷ್ಟಿದೆ ಎಂದು ಅಳೆಯುವ ದಾರಿ ನಮ್ಮಿಬ್ಬರ ಬಳಿಯೂ ಇರಲಿಲ್ಲ.

40ನೆಯ ದಿನ ಪೂರ್ವದ ಕೋಳಿಗಳ ಸರಾಸರಿ 2,240 ಗ್ರಾಂ, ಫೀಡ್ ಪ್ರಮಾಣ 1.69, ಪಶ್ಚಿಮದವು 2,180 ಗ್ರಾಂ, 1.72. ಪೂರಕದ ಖರ್ಚು ಕೋಳಿಗೆ 1 ರೂಪಾಯಿ 30 ಪೈಸೆ ಬಿದ್ದಿತ್ತು. ಆ ವಾರದ ಜೀವಂತ ತೂಕದ ದರ ಕಿಲೋಗೆ 95 ರೂಪಾಯಿ. 60 ಗ್ರಾಂಗೆ 5 ರೂಪಾಯಿ 70 ಪೈಸೆ ಬಂತು. ಹೆಚ್ಚು ತಿಂದ ಫೀಡಿಗೆ ಒಂದೂವರೆ ರೂಪಾಯಿ ಮತ್ತು ಪೂರಕದ ಖರ್ಚು ಕಳೆದರೆ ಕೋಳಿಗೆ ಮೂರು ರೂಪಾಯಿಗೆ ತುಸು ಕಡಿಮೆ ಉಳಿಯಿತು.

ಯಜಮಾನರು ಗೆದ್ದೆವೆಂದೇ ತಿಳಿದರು. ನಾನು ಅಷ್ಟು ಬೇಗ ಒಪ್ಪಲಾರೆ. ಪ್ರತಿ ಭಾಗದಿಂದ ನಾವು ತೂಗಿದ್ದು ಐವತ್ತೈವತ್ತು ಕೋಳಿ. ಒಂದೇ ಹಿಂಡಿನಿಂದ ಎರಡು ಸಲ ಐವತ್ತು ಹಿಡಿದು ತೂಗಿದರೂ 60 ಗ್ರಾಂ ಹೆಚ್ಚುಕಡಿಮೆ ಬರುವುದು ಅಪರೂಪವಲ್ಲ. ಅದಕ್ಕಿಂತ ಮುಖ್ಯವಾಗಿ, ಪೂರಕವಿಲ್ಲದ ಭಾಗ ಪಶ್ಚಿಮದ್ದು, ಕಡಲ ಕಡೆಯಿಂದ ಮಳೆಗಾಳಿ ಬಡಿಯುವ ಬದಿ. ಮುಷ್ಟಿಯಲ್ಲಿ ಹಿಂಡಿದ ಉಮಿ ಅಲ್ಲಿ ಸೆಪ್ಟೆಂಬರಿನಲ್ಲಿಯೂ ಒಂದು ಕ್ಷಣ ಉಂಡೆಯಾಗಿ ನಿಂತು ಆಮೇಲೆ ಉದುರುತ್ತಿತ್ತು. ಆ 60 ಗ್ರಾಂನಲ್ಲಿ ಬ್ಯಾಸಿಲಸ್ಸಿನ ಪಾಲೆಷ್ಟು, ಒಣ ನೆಲದ ಪಾಲೆಷ್ಟು ಎಂದು ಬೇರ್ಪಡಿಸಲು ನಮ್ಮ ಏರ್ಪಾಡಿನಲ್ಲಿ ದಾರಿಯಿರಲಿಲ್ಲ. ಶೆಡ್ ಭಾಗ ಮಾಡುವ ದಿನ ಇದು ನನಗೆ ಹೊಳೆಯಬೇಕಿತ್ತು.

ಡಿಸೆಂಬರಿನ ಬ್ಯಾಚಿಗೆ ಕೆಂಪು ನೂಲಿನ ಚೀಲಗಳು ಪಶ್ಚಿಮದ ಬದಿಗೆ ಹೋಗಲಿವೆ, ತೂಗುವುದು ನೂರು ನೂರು. ಚೀಲ ಬಿಚ್ಚಿದ ಕೂಡಲೇ ಚೀಟಿಯನ್ನು ಕಿತ್ತು ನೋಟ್‌ಬುಕ್ಕಿಗೆ ಅಂಟಿಸುವ ಕೆಲಸವನ್ನು ಮನೆಯಾಕೆ ವಹಿಸಿಕೊಂಡಿದ್ದಾರೆ; ಹೋದ ವಾರ ಅವರ ಮನೆಗೆ ಹೋಗಿದ್ದಾಗ ಹನ್ನೊಂದು ಪುಟ ತುಂಬಿತ್ತು.